ಸೀತಾ ಕಲ್ಯಾಣದ ಮೇಲೆ ಓಕೆ ಕಂಪ್ಯೂಟರ್

ನನ್ನ ಹತ್ತಿರ ಇರುವ ರೇಡಿಯೋಹೆಡ್‌ನ 'ಓಕೆ ಕಂಪ್ಯೂಟರ್' ಆಲ್ಬಮ್‌ನ ಕ್ಯಾಸೆಟ್‌ನಲ್ಲಿ ಹಾಡು 12, ಹೆಸರು 11. ಈ ಒಂದು ಹೆಸರು ಬಿಟ್ಟುಹೋಗಿದ್ದಕ್ಕೆ ನಾನು ಐದು ವರ್ಷ ತಪ್ಪು ಮಾತಾಡಿದೆ. ಅದೂ ಸುಮ್ನೆ ಅಲ್ಲ, ಜೂನಿಯರ್‌ಗಳನ್ನು ಕೂರಿಸಿಕೊಂಡು ಪಾಠ ಹೇಳುವ ಹಾಗೆ.

ರೇಡಿಯೋಹೆಡ್ ಅಂದರೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಡೆಯ ಐದು ಜನರ ಬ್ಯಾಂಡು. ಈ ಆಲ್ಬಮ್ ಬಂದಿದ್ದು 1997ರಲ್ಲಿ. ದಾವಣಗೆರೆಯ ನಮ್ಮ ಹಾಸ್ಟೆಲ್‌ಗೆ ಅದು ತಲುಪುವಾಗ 1999. ರೂಮ್‌ಮೇಟ್ ಬೆಂಗಳೂರಿನಿಂದ ಒಂದು ವಾರದ ಮಟ್ಟಿಗೆ ಕಡ ತಂದಿದ್ದ. ಸೀನಿಯರ್ ಒಬ್ಬರ ರೂಮಿನಲ್ಲಿ ಡಬಲ್ ಡೆಕ್ ಟೇಪ್ ರೆಕಾರ್ಡರ್ ಇತ್ತು. ಇಲ್ಲದಿದ್ದದ್ದು ಖಾಲಿ ಕ್ಯಾಸೆಟ್ ಮಾತ್ರ. ತಿಂಗಳ ಕೊನೆ, ಜೇಬಿನಲ್ಲಿ ಮೆಸ್ ಬಿಲ್ಲಿಗೇ ದುಡ್ಡಿರಲಿಲ್ಲ. ಆದರೆ ಟ್ರಂಕಿನಲ್ಲಿ ಮನೆಯಿಂದ ತಂದ ಒಂದು ಕ್ಯಾಸೆಟ್ ಇತ್ತು. ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ 'ಹರಿಕಥೆ: ಸೀತಾ ಕಲ್ಯಾಣ'. ತಿಪಟೂರಿನ ಹತ್ತಿರದ ನಮ್ಮೂರ ಗುಡಿಯಲ್ಲಿ ದಾಸರು ಬಂದು ಹೇಳಿದ್ದನ್ನು ಅಪ್ಪ ಮುಂದಿನ ಸಾಲಿನಲ್ಲಿ ಕೂತು, ಟೇಪ್ ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ತುಂಬಿಸಿದ್ದು. ಯಾರೂ ಅಳಿಸಬಾರದು ಅಂತ ಮೇಲಿನ ಎರಡೂ ಪ್ಲಾಸ್ಟಿಕ್ ಚಕ್ಕೆ ಮುರಿದಿಟ್ಟಿದ್ದರು. ನಾನು ಆ ತೂತಿಗೆ ಪೇಪರ್ ಉಂಡೆ ತುರುಕಿದೆ. ಅಪ್ಪನ ಹತ್ತಿರ ಇನ್ನೂ ಎರಡು ಸೀತಾ ಕಲ್ಯಾಣ ಇವೆ, ಒಂದು ಹೋದರೇನು ಅನ್ನೋದು ನನ್ನ ವಾದ.

ಎ ಸೈಡ್‌ನಲ್ಲಿ ಮೊದಲ 6 ಹಾಡು. ಲೆಕ್ಕ ಹಾಕಿದರೆ 29 ನಿಮಿಷ ಚಿಲ್ಲರೆ. 60 ನಿಮಿಷದ ಕ್ಯಾಸೆಟ್‌ನ ಒಂದು ಮಗ್ಗುಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಇದನ್ನು ನೋಡಿ ರೂಮ್‌ಮೇಟ್ "ದೈವಸಂಕಲ್ಪ" ಅಂದ. ಅವನೇ ಒಳಗಿನ ಕಾರ್ಡಿನ ಮೇಲೆ ಹಾಡುಗಳ ಹೆಸರು ಬರೆದುಕೊಟ್ಟ.

ಮೊದಲನೆಯದು 'ಏರ್‌ಬ್ಯಾಗ್'. ಆಗ ನಾನು ಕಾರಿನ ಏರ್‌ಬ್ಯಾಗ್ ಕಂಡವನಲ್ಲ. ವಿಮಾನದಲ್ಲಿ ವಾಂತಿಗೆ ಕೊಡೋ ಚೀಲದ ಬಗ್ಗೆ ಇಷ್ಟು ಚೆನ್ನಾಗಿ ಹಾಡಿದ್ದಾರಲ್ಲ ಅಂತ ಆಶ್ಚರ್ಯಪಟ್ಟಿದ್ದೆ. ಇದರಲ್ಲಿ ಬೇಸ್ ಗಿಟಾರು ನಾಲ್ಕು ಹೆಜ್ಜೆ ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ. ನಾನು ಹತ್ತಿಗೆ ಸ್ಪಿರಿಟ್ ಹಚ್ಚಿ ಟೇಪ್ ರೆಕಾರ್ಡರ್‌ನ ಹೆಡ್ ಮೂರು ಸಲ ಒರೆಸಿದೆ. ಬೇಕಂತಲೇ ಹಾಗೆ ಬಾರಿಸಿದ್ದಾರೆ ಅಂತ ಗೊತ್ತಾಗುವಷ್ಟರಲ್ಲಿ ಸ್ಪಿರಿಟ್ ಬಾಟಲಿ ಮುಗಿದಿತ್ತು.

'ಪ್ಯಾರನಾಯ್ಡ್ ಆಂಡ್ರಾಯ್ಡ್' 6 ನಿಮಿಷ ದಾಟುತ್ತೆ. ಬೇರೆ ಬೇರೆ ತುಂಡುಗಳನ್ನು ಜೋಡಿಸಿ ಮಾಡಿದ ಹಾಡು. ಮೊದಲು ಸಮಾಧಾನ, ಆಮೇಲೆ ಜಗಳ, ಆಮೇಲೆ ಪ್ರಾರ್ಥನೆ, ಕೊನೆಗೆ ಮತ್ತೆ ಜಗಳ. ನಮ್ಮ ಕಡೆಯ ಮದುವೆ ಮಾತುಕತೆ ಇದೇ ಕ್ರಮದಲ್ಲಿ ನಡೆಯುತ್ತೆ. ಮೂರನೆಯದರ ಹೆಸರು 'ಸಬ್‌ಟೆರೇನಿಯನ್ ಹೋಮ್‌ಸಿಕ್ ಏಲಿಯನ್'. ಅದನ್ನು ಬರೆಯುವಾಗ ರೂಮ್‌ಮೇಟ್‌ಗೆ ಎರಡು ಸಾಲು ಹಿಡಿಯಿತು, ಕೈ ನೋವು ಬಂತು. ಹಾಡಿನ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳಲು ನನಗಿಲ್ಲ.

'ಎಕ್ಸಿಟ್ ಮ್ಯೂಸಿಕ್' ರೋಮಿಯೋ ಜೂಲಿಯೆಟ್ ಕಥೆಯ 1996ರ ಸಿನಿಮಾದ ಕೊನೆಗೆ ಬರಲಿ ಅಂತ ಮಾಡಿದ್ದು. ನಾನು ಮೊದಲ ಸಲ ಕೇಳಿದ್ದು ಕರೆಂಟ್ ಹೋದ ರಾತ್ರಿ, ಬ್ಯಾಟರಿ ಮೇಲೆ. ಆಹಾ, ಎಂಥ ದುಃಖ, ಎಷ್ಟು ನಿಧಾನ ಅಂತ ಕಣ್ಣು ಒದ್ದೆಯಾಯಿತು. ಮುಂದಿನ 'ಲೆಟ್ ಡೌನ್' ಇನ್ನೂ ನಿಧಾನವಾದಾಗ ಗೊತ್ತಾಯಿತು, ಬ್ಯಾಟರಿ ವೀಕು. ಹೊಸ ಬ್ಯಾಟರಿ ಹಾಕಿ ಕೇಳಿದ ಮೇಲೆ ಇಡೀ ಆಲ್ಬಮ್‌ನಲ್ಲಿ ನನಗೆ ಇದೇ ಹೆಚ್ಚು. ಬಾತ್ ಪಟ್ಟಣದ ಹತ್ತಿರದ ಒಂದು ಹಳೇ ಬಂಗಲೆಯ ಡ್ಯಾನ್ಸ್ ಹಾಲಿನಲ್ಲಿ, ರಾತ್ರಿ 3 ಗಂಟೆಗೆ ರೆಕಾರ್ಡ್ ಮಾಡಿದರಂತೆ. ಗಿಟಾರುಗಳು ಒಂದರ ಹಿಂದೆ ಒಂದು, ಮಳೆ ನಿಂತ ಮೇಲೆ ಹೆಂಚಿನಿಂದ ಇಳಿಯೋ ಹನಿಗಳ ಹಾಗೆ. 'ಕರ್ಮ ಪೊಲೀಸ್' ಅನ್ನೋ ಹೆಸರು ಬ್ಯಾಂಡಿನವರು ತಮ್ಮತಮ್ಮಲ್ಲೇ ಮಾಡಿಕೊಳ್ಳುತ್ತಿದ್ದ ತಮಾಷೆಯಿಂದ ಹುಟ್ಟಿದ್ದು. ನಮ್ಮಲ್ಲಿ ಅದು ವಾರದೊಳಗೆ ವಾರ್ಡನ್‌ರ ಹೆಸರಾಯಿತು.

ಇಲ್ಲಿಗೆ ಎ ಸೈಡ್ ಮುಗಿಯಿತು. ಇಲ್ಲಿವರೆಗೆ ಹೆಸರೂ ಸರಿ, ಹಾಡೂ ಸರಿ.

ಬಿ ಸೈಡ್‌ನ ಮೊದಲನೆಯದು ನಿಜವಾಗಿ 'ಫಿಟ್ಟರ್ ಹ್ಯಾಪಿಯರ್'. 2 ನಿಮಿಷ ಕೂಡ ಇಲ್ಲ. ಅದರಲ್ಲಿ ಯಾರೂ ಹಾಡುವುದಿಲ್ಲ. ಮ್ಯಾಕಿಂತೋಷ್ ಕಂಪ್ಯೂಟರಿನ ಯಂತ್ರದ ದನಿ ಒಳ್ಳೇ ಬದುಕಿನ ಪಟ್ಟಿ ಓದುತ್ತಾ ಹೋಗುತ್ತೆ. ಜಾಸ್ತಿ ಕುಡಿಯಬಾರದು, ವ್ಯಾಯಾಮ ತಪ್ಪಿಸಬಾರದು, ಹೀಗೆ. ರೂಮ್‌ಮೇಟ್ ಇದನ್ನು ಹಾಡು ಅಂತ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮುಂದಿನ ಹೆಸರು 'ಎಲೆಕ್ಷನಿಯರಿಂಗ್' ಬರೆದು, ಅಲ್ಲಿಂದ ಎಲ್ಲವನ್ನೂ ಒಂದೊಂದು ಮೆಟ್ಟಿಲು ಮೇಲೆ ಸರಿಸಿಬಿಟ್ಟ. ನನಗೆ ಅನುಮಾನ ಬರಲಿಲ್ಲ. ಚುನಾವಣೆ ಅಂದಮೇಲೆ ಮೈಕಿನಲ್ಲಿ ಭಾವನೆಯಿಲ್ಲದ ಗಂಡಸೊಬ್ಬ ಆಶ್ವಾಸನೆಗಳ ಪಟ್ಟಿ ಓದೋದು ಸಹಜ ಅಲ್ವಾ?

ಮುಂದಿನ ವರ್ಷ ರಾಮನವಮಿಗೆ ಊರಿಗೆ ಹೋದೆ. ಕ್ಯಾಸೆಟ್ ಬ್ಯಾಗಿನಲ್ಲಿತ್ತು. ಬೆಳಿಗ್ಗೆ ನಾನು ಏಳುವ ಮೊದಲೇ ಅಪ್ಪ ಅದನ್ನು ನೋಡಿ, ಕೊನೆಗೂ ವಾಪಸ್ ತಂದ ಅಂದುಕೊಂಡು, ಗುಡಿ ಮುಂದಿನ ಚಪ್ಪರಕ್ಕೆ ಒಯ್ದಿದ್ದಾರೆ. ಮೇಲಿನ ಚೀಟಿ ಇನ್ನೂ ಸೀತಾ ಕಲ್ಯಾಣದ್ದೇ. ಮದುವೆ ಭಾಗ ಬಿ ಸೈಡ್‌ನಲ್ಲಿದೆ ಅಂತ ಅವರಿಗೆ ಬಾಯಿಪಾಠ. ಮೈಕ್ ಸೆಟ್ ಹುಡುಗನಿಗೆ ಹಾಗೇ ಹೇಳಿ ಕೊಟ್ಟರು.

ನಾನು ಹಲ್ಲುಜ್ಜುತ್ತಿದ್ದೆ. ಗುಡಿಯ ದಿಕ್ಕಿನಿಂದ, ತೆಂಗಿನ ಮರಕ್ಕೆ ಕಟ್ಟಿದ ಎರಡು ಹಾರ್ನ್‌ಗಳಿಂದ, ಕಂಪ್ಯೂಟರ್ ಮಾತಾಡಲು ಶುರು ಮಾಡಿತು. ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿದೆ. ಪಾನಕದ ಸಾಲಿನಲ್ಲಿದ್ದವರೆಲ್ಲ ಲೋಟ ಹಿಡಿದು ಸ್ತಬ್ಧ. ಯಾರೋ ಮಿನಿಸ್ಟ್ರು ಬರ್ತಾರಂತೆ ಅಂದರು ಒಬ್ಬರು. ರೈಲ್ವೆ ಸ್ಟೇಷನ್ ಲೈನು ಇದಕ್ಕೆ ಸೇರಿಕೊಂಡಿರಬೇಕು ಅಂದರು ಇನ್ನೊಬ್ಬರು. ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು ಮಾತ್ರ ಕಿವಿಗೆ ಕೈ ಕೊಟ್ಟು ಶ್ರದ್ಧೆಯಿಂದ ಕೇಳುತ್ತಿದ್ದರು. "ಆರೋಗ್ಯ ಇಲಾಖೆಯವರದು ಕಣ್ರೀ. ಕುಡೀಬೇಡಿ, ವ್ಯಾಯಾಮ ಮಾಡಿ ಅಂತಿದಾನೆ. ಒಳ್ಳೇ ವಿಷಯ, ಹಾಕಿರಲಿ" ಅಂದರು. ಕೊನೆಯಲ್ಲಿ ಪಂಜರದ ಹಂದಿಯೊಂದು ಬರುತ್ತೆ. ಅದನ್ನು ಅವರು ಯಾರಿಗೂ ಅನುವಾದ ಮಾಡಲಿಲ್ಲ. ಆಮೇಲೆ ನಿಜವಾದ 'ಎಲೆಕ್ಷನಿಯರಿಂಗ್'ನ ಗಿಟಾರು ಭರ್ರನೆ ಶುರುವಾಯಿತು. ಅರ್ಚಕರ ಕೈಯ ಮಂಗಳಾರತಿ ತಟ್ಟೆ ಅಲುಗಾಡಿತು. ಹುಡುಗ ವೈರ್ ಕಿತ್ತ.

ಅಪ್ಪ ಬಯ್ಯಲಿಲ್ಲ. ನನ್ನ ಬಾಯಿಯ ನೊರೆ ನೋಡುತ್ತಾ ಒಂದೇ ಮಾತು ಕೇಳಿದರು: "ಸೀತೆ ಮದುವೆ ಏನಾಯ್ತೋ?"

ಇಷ್ಟಾದರೂ ಹೆಸರಿನ ತಪ್ಪು ನನಗೆ ತಿಳಿದಿರಲಿಲ್ಲ. ಎಲೆಕ್ಷನಿಯರಿಂಗ್ ಹಾಡಿಗೆ ನನ್ನ ಕಾರ್ಡಿನಲ್ಲಿ 'ಕ್ಲೈಂಬಿಂಗ್ ಅಪ್ ದಿ ವಾಲ್ಸ್' ಅಂತ ಇತ್ತು. ಸೆಕೆಂಡ್ ಶೋ ಮುಗಿಸಿ ಹಾಸ್ಟೆಲ್ ಗೋಡೆ ಹತ್ತುವ ಅವಸರವೇ ಅದರಲ್ಲಿದೆ ಅಂತ ಗೆಳೆಯರಿಗೆ ವಿವರಿಸುತ್ತಿದ್ದೆ. ಅದರ ಮುಂದಿನದರಲ್ಲಿ ಪಿಟೀಲುಗಳು ಜೇನುಹುಳದ ಹಾಗೆ ಗುಂಯ್‌ಗುಡುತ್ತವೆ, ಕೊನೆಗೆ ಹಾಡುಗಾರ ಥಾಮ್ ಯಾರ್ಕ್ ಕಿರುಚುತ್ತಾನೆ. ಕಾರ್ಡಿನ ಪ್ರಕಾರ ಇದು 'ನೋ ಸರ್ಪ್ರೈಸಸ್'. ವ್ಯಂಗ್ಯ ಅಂದರೆ ಇದು ಕಣ್ರೋ ಅಂತಿದ್ದೆ. ಆಮೇಲೆ ಗಿಲಕಿ ಆಡಿಸಿದ ಹಾಗೆ ಕಿಣಿಕಿಣಿ ಅನ್ನೋ ಜೋಗುಳ. ನನ್ನ ಪಾಲಿಗೆ 'ಲಕ್ಕಿ'. ಇಷ್ಟು ನಿದ್ದೆ ಬರೋನು ಪುಣ್ಯವಂತನೇ ಸರಿ. ಅದರ ಮುಂದಿನದು 'ದಿ ಟೂರಿಸ್ಟ್'. ಅದರಲ್ಲಿ ವಿಮಾನ ಬೀಳುತ್ತೆ, ಕೆರೆ ಬರುತ್ತೆ. ಟೂರಿಸ್ಟ್ ಅಲ್ಲದೆ ಇನ್ಯಾರು? ಅದು ನಿಜವಾಗಿ 'ಲಕ್ಕಿ', 1995ರಲ್ಲಿ ಬೋಸ್ನಿಯಾ ಯುದ್ಧದ ಮಕ್ಕಳಿಗಾಗಿ ತಂದ ಆಲ್ಬಮ್ಮಿಗೆ ಅಂತ ಮಾಡಿಕೊಟ್ಟಿದ್ದು ಅಂತ ಓದಿದ್ದು ಎಷ್ಟೋ ಆಮೇಲೆ.

ಹಾಡಿನ ಮಾತು ಕೇಳಿದರೆ ಗೊತ್ತಾಗಬೇಕಿತ್ತಲ್ಲ ಅಂತ ನೀವು ಕೇಳಬಹುದು. ಥಾಮ್ ಯಾರ್ಕ್ ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡವನ ಹಾಗೆ ಹಾಡುತ್ತಾನೆ, ಉಗಿಯಲು ಜಾಗ ಸಿಗದವನ ಸಂಕಟದಲ್ಲಿ. ಆದರೂ ಒಂದೊಂದು ಮಾತು ಕಿವಿಗೆ ಬೀಳುತ್ತಿತ್ತು. 'ನೋ ಸರ್ಪ್ರೈಸಸ್' ಅನ್ನೋ ಮಾತು 'ಲಕ್ಕಿ'ಯಲ್ಲಿ ಕೇಳುತ್ತಿದೆ, ಲಕ್ಕಿನ ಮಾತು 'ಟೂರಿಸ್ಟ್'ನಲ್ಲಿ. ಬುದ್ಧಿ ಇದ್ದವನು ಕಾರ್ಡ್ ತಪ್ಪು ಅನ್ನುತ್ತಿದ್ದ. ನಾನು ಸಿದ್ಧಾಂತ ಕಟ್ಟಿದೆ. ಎ ಸೈಡ್‌ನಲ್ಲಿ ಲೋಕ ಸರಿಯಾಗಿದೆ, ಹೆಸರು ಹಾಡಿಗೆ ಅಂಟಿಕೊಂಡಿದೆ. ಬಿ ಸೈಡ್‌ನಲ್ಲಿ ಕಂಪ್ಯೂಟರ್ ಬಾಯಿ ಬಿಟ್ಟ ಕ್ಷಣದಿಂದ ಎಲ್ಲ ಜಾರಿಹೋಗಿದೆ. ಬೋರ್ಡು ಹರಿಹರದ್ದು, ಬಸ್ಸು ಹೋಗೋದು ಹರಪನಹಳ್ಳಿಗೆ. ಇದೇ ಆಧುನಿಕ ಮನುಷ್ಯನ ಸ್ಥಿತಿ! ಜೂನಿಯರ್ ಒಬ್ಬ ಇದನ್ನು ನೋಟ್ಸ್ ಮಾಡಿಕೊಂಡಿದ್ದ.

2004ರಲ್ಲಿ ಬೆಂಗಳೂರಿನ ಮೊದಲ ಕೆಲಸ. ಕ್ಯಾಂಟೀನಿನಲ್ಲಿ ಸಹೋದ್ಯೋಗಿಯ ಜೊತೆ ಮಾತು ಇದೇ ಆಲ್ಬಮ್ ಕಡೆ ತಿರುಗಿತು. "ನೋ ಸರ್ಪ್ರೈಸಸ್ ಕೊನೆಯಲ್ಲಿ ಕಿರುಚ್ತಾನಲ್ಲ, ಮೈ ಜುಂ ಅನ್ನುತ್ತೆ" ಅಂದೆ. ಅವನು ದೋಸೆ ಕೆಳಗಿಟ್ಟ. "ಅದ್ರಲ್ಲಿ ಎಲ್ಲಿ ಕಿರುಚ್ತಾನೆ ಗುರು? ಅದು ಮಗು ಮಲಗಿಸೋ ಹಾಡು." "ಮಗು ಮಲಗಿಸೋದು ಲಕ್ಕಿ ಅಲ್ವಾ?" ಅಂದೆ. ಅವನು ಏನೂ ಹೇಳದೆ ಮರುದಿನ ಒರಿಜಿನಲ್ ಸಿಡಿ ತಂದು ಮುಂದಿಟ್ಟ. ನಾನು ಸಿದ್ಧಾಂತವನ್ನು ಶುರು ಮಾಡಿದ್ದೆ, ಅರ್ಧಕ್ಕೇ ನಿಲ್ಲಿಸಿದೆ.

ಆ ರಾತ್ರಿ ರೂಮ್‌ಮೇಟ್‌ಗೆ ಫೋನ್ ಮಾಡಿ ಬಯ್ದೆ. "ಯಾರೂ ಹಾಡ್ದೇ ಇರೋದನ್ನ ಹಾಡು ಅಂತ ಹೇಗೋ ಬರೀಲಿ?" ಅಂದ. ಅವನ ಮಾತಿನಲ್ಲೂ ನ್ಯಾಯವಿದೆ. ನನಗೂ 'ಫಿಟ್ಟರ್ ಹ್ಯಾಪಿಯರ್' ಈಗ ತಾಳ್ಮೆಯಿಂದ ಕೇಳಲು ಆಗುವುದಿಲ್ಲ. ಬಾಯಲ್ಲಿ ಪೇಸ್ಟಿನ ರುಚಿ ಬರುತ್ತೆ.

ಉಳಿದದ್ದು ಹನ್ನೆರಡನೆಯ ಹಾಡು, ನಿಜವಾದ 'ದಿ ಟೂರಿಸ್ಟ್'. ನನ್ನ ಕಾರ್ಡಿನಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. 'ಬೋನಸ್' ಅಂತ ನಾನೇ ಬರೆದುಕೊಂಡಿದ್ದೆ. ಫ್ರಾನ್ಸ್‌ನಲ್ಲಿ ಅವಸರವಾಗಿ ಊರು ನೋಡುತ್ತಾ ಓಡುತ್ತಿದ್ದ ಪ್ರವಾಸಿಗರನ್ನು ಕಂಡು, ಸ್ವಲ್ಪ ನಿಧಾನ ಮಾರಾಯ ಅಂತ ಹೇಳುವ ಹಾಡು. ಅಲ್ಲಿಗೆ ಬಿ ಸೈಡ್‌ನ 24 ನಿಮಿಷ ಮುಗಿಯುತ್ತೆ. ಎಲ್ಲ ವಾದ್ಯ ನಿಂತ ಮೇಲೆ ಒಂದೇ ಒಂದು ಸಲ ಟಿಣ್ ಅಂತ ಗಂಟೆಯ ಸದ್ದು. ನನ್ನ ಕ್ಯಾಸೆಟ್‌ನಲ್ಲಿ ಇನ್ನೂ 6 ನಿಮಿಷ ಉಳಿದಿದೆ. ಅಲ್ಲಿ ಅಳಿಯದೆ ಉಳಿದದ್ದು ದಾಸರ ಹರಿಕಥೆಯ ಕೊನೆ. ಬಿಲ್ಲು ಮುರಿದದ್ದು, ಮಾಲೆ ಹಾಕಿದ್ದು, ಧಾರೆ ಎರೆದದ್ದು ಎಲ್ಲ ಹೋಗಿ ಮಂಗಳ ಮಾತ್ರ ಉಳಿದಿತ್ತು.

ಬೇರೆ ಎರಡು ಸೀತಾ ಕಲ್ಯಾಣ ಇದ್ದರೂ ಅಪ್ಪನಿಗೆ ಈ ದಾಸರ ದನಿಯೇ ಬೇಕಿತ್ತು. ಅಲ್ಲಿಂದಾಚೆ ಪ್ರತಿ ರಾಮನವಮಿಗೆ ಮನೆಯೊಳಗೇ ಕೂತು, ಕ್ಯಾಸೆಟ್ ಮುಂದೆ ಓಡಿಸಿ, ಆ 6 ನಿಮಿಷ ಕೇಳುತ್ತಿದ್ದರು. ಓಡಿಸೋದು ಕರೆಕ್ಟಾಗಿ ಎಲ್ಲಿ ನಿಲ್ಲುತ್ತೆ? ಪ್ರತಿ ಸಲ ಒಂದೆರಡು ನಿಮಿಷ ಮೊದಲೇ ನಿಲ್ಲುತ್ತಿತ್ತು. ಟೂರಿಸ್ಟ್‌ನ ಬಾಲ ಕೇಳದೆ ದಾಸರು ಸಿಗುತ್ತಿರಲಿಲ್ಲ. ಒಂದು ವರ್ಷ ನಾನೂ ಪಕ್ಕದಲ್ಲಿ ಕೋಸಂಬರಿ ತಿನ್ನುತ್ತಾ ಕೂತಿದ್ದೆ. ಮಾತಾಡಲು ಹೊರಟರೆ ಕೈ ಎತ್ತಿ ತಡೆದರು.

"ಇರು, ಈಗ ಟಿಣ್ ಅಂತಾನೆ" ಅಂದರು. ಟಿಣ್ ಅಂತು. ಅಪ್ಪ ಕೈ ಮುಗಿದರು. "ಇವನೊಬ್ಬ ಪರವಾಗಿಲ್ಲ. ಮಂಗಳಕ್ಕೆ ಸರಿಯಾಗಿ ತಂದು ಬಿಡ್ತಾನೆ."