ಮಿನಿ ಟ್ರ್ಯಾಕ್ಟರಿಗೂ ಹಳೇ ಅಂಬಾಸಿಡರಿಗೂ ಒಂದೇ ಟ್ರೇಲರ್: ಟನ್ ಕೇಳಬೇಡಿ, ಎತ್ತರ ಕೇಳಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಟ್ರೇಲರ್ ಅಂದರೆ ಮೊದಲು ಕಣ್ಣಿಗೆ ಬರೋದು ಕಬ್ಬಿನ ಟ್ರೇಲರ್. ದ್ರಾಕ್ಷಿ ತೋಟದ ಮಿನಿ ಟ್ರ್ಯಾಕ್ಟರನ್ನ ಒಂದು ಊರಿಂದ ಇನ್ನೊಂದು ಊರಿಗೆ ಒಯ್ಯಬೇಕು, ಮನೆಯಲ್ಲಿ ನಿಂತ ಅಂಬಾಸಿಡರನ್ನ ಬಣ್ಣಕ್ಕೆ, ಎಂಜಿನ್ ಕೆಲಸಕ್ಕೆ ಒಯ್ಯಬೇಕು ಅಂತ ಕೇಳಿದರೂ ಟ್ರೇಲರ್ ಕಟ್ಟುವವರ ಉತ್ತರ ಒಂದೇ: “ಹತ್ತು ಟನ್ ಕಬ್ಬು ಹೊರತೈತ್ರಿ ಸಾವ್ಕಾರ್ರ, ಒಂದು ಟನ್ನಿನ ಕಾರು ಯಾವ ಲೆಕ್ಕ?” ಈ ಮಾತು ನಾನು ಒಪ್ಪೋದಿಲ್ಲ. ಹೊರುವ ಶಕ್ತಿ ಹೆಚ್ಚಿದ್ದ ಮಾತ್ರಕ್ಕೆ ಹಗುರ ಹೊರೆಗೆ ಆ ಟ್ರೇಲರ್ ಹೊಂದೋದಿಲ್ಲ.

ಕಾರಣ ಕಮಾನು ಪಾಟಾ, ಅಂದರೆ ಆಕ್ಸಲ್ ಮೇಲೆ ಕೂಡಿಸುವ ಲೀಫ್ ಸ್ಪ್ರಿಂಗ್. ಹತ್ತು ಟನ್ನಿಗೆ ಕೂಡಿಸಿದ ಪಾಟಾ ಒಂದು ಟನ್ನಿಗೆ ಬಾಗೋದೇ ಇಲ್ಲ. ರಸ್ತೆಯ ಪ್ರತಿ ಗುಂಡಿಯ ಹೊಡೆತ ನೇರವಾಗಿ ಮೇಲಿನ ಕಾರಿಗೆ ಹೋಗುತ್ತದೆ. ಕಾರು ಜಿಗಿದಾಗ ಬೆಲ್ಟು ಕ್ಷಣಹೊತ್ತು ಸಡಿಲಾಗಿ ಮತ್ತೆ ಜಗ್ಗಿ ಹಿಡಿಯುತ್ತದೆ. ಹೀಗೆ ನೂರಾರು ಸಲ ಆದರೆ ಎಂಥ ಗಟ್ಟಿ ಕಟ್ಟಾದರೂ ಬಿಚ್ಚಿಕೊಳ್ಳುತ್ತದೆ. 15ರಿಂದ 27 ಎಚ್‌ಪಿ ಮಿನಿ ಟ್ರ್ಯಾಕ್ಟರುಗಳ ತೂಕ ಹೆಚ್ಚುಕಡಿಮೆ 650ರಿಂದ 900 ಕೆ.ಜಿ., ಅಂಬಾಸಿಡರ್ ಸುಮಾರು 1,150 ಕೆ.ಜಿ., ಪ್ರೀಮಿಯರ್ ಪದ್ಮಿನಿ ಕಾರು ಅದಕ್ಕಿಂತ ಹಗುರ. ಎರಡು ಮಿನಿ, ಮಣ್ಣು ಪುಡಿ ಮಾಡುವ ಎರಡು ರೋಟಾವೇಟರ್ ಸೇರಿದರೂ ಎರಡೂಕಾಲು ಟನ್ ದಾಟೋದು ಕಡಿಮೆ. ಮೂರು ಟನ್ನಿಗೆ ಪಾಟಾ ಕೂಡಿಸಿದರೆ ಬೇಕಾದಷ್ಟಾಯಿತು.

ಇನ್ನು ಎತ್ತರ. ಎಲ್ಲರೂ ತಪ್ಪೋದು ಇಲ್ಲೇ. ಕಬ್ಬಿನ ಟ್ರೇಲರಿನ ತಳ ನೆಲದಿಂದ ಮೂರೂವರೆ ಅಡಿ ಮೇಲಿರುತ್ತದೆ. ಅದಕ್ಕೆ 8 ಅಡಿ ರ‍್ಯಾಂಪ್ ಹಚ್ಚಿದರೆ ಇಳಿಜಾರು ಸುಮಾರು 26 ಡಿಗ್ರಿ. ಅಂಬಾಸಿಡರಿನ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 97 ಇಂಚು, ಹೊಟ್ಟೆಯ ಕೆಳಗೆ ಇರೋದು 6 ಇಂಚಿನ ಜಾಗ. ಲೆಕ್ಕ ಹಾಕಿದರೆ ಹೊಟ್ಟೆ ತಾಗದೆ ಅದು ದಾಟಬಲ್ಲ ಇಳಿಜಾರು ಬರೀ 14 ಡಿಗ್ರಿ. ಅದಕ್ಕಿಂತ ಕಡಿದಾದರೆ ಮುಂದಿನ ಗಾಲಿ ಟ್ರೇಲರ್ ಮೇಲೆ, ಹಿಂದಿನ ಗಾಲಿ ರ‍್ಯಾಂಪಿನ ಮೇಲೆ ಇರುವಾಗ ಸೈಲೆನ್ಸರ್ ಪೈಪು ಟ್ರೇಲರಿನ ಅಂಚಿಗೆ ಕೂತುಬಿಡುತ್ತದೆ. ಆಮೇಲೆ ಮುಂದೂ ಹೋಗೋದಿಲ್ಲ, ಹಿಂದೂ ಬರೋದಿಲ್ಲ. ತಳ 2 ಅಡಿಗೆ ಇಳಿಸಿದರೂ 8 ಅಡಿ ರ‍್ಯಾಂಪಿಗೆ 14.5 ಡಿಗ್ರಿ ಬರುತ್ತದೆ, ಅಂದರೆ ತಾಗಿಯೇ ತಾಗುತ್ತದೆ. 10 ಅಡಿ ರ‍್ಯಾಂಪ್ ಮಾಡಿಸಿದರೆ ಹನ್ನೊಂದೂವರೆ ಡಿಗ್ರಿ. ಹಳೇ ಕಾರಿನ ಪಾಟಾ ಕುಸಿದು ಹೊಟ್ಟೆ ಇನ್ನೊಂದು ಇಂಚು ಕೆಳಗೆ ಬಂದಿದ್ದರೆ ಅದಕ್ಕೂ ಇದರಲ್ಲಿ ಜಾಗ ಉಳಿಯುತ್ತದೆ. ಆದ್ದರಿಂದ ಆರ್ಡರ್ ಕೊಡುವಾಗ ಮೊದಲು ಎರಡು ಅಳತೆ ಬರೆಸಿ: ತಳ 24 ಇಂಚು, ರ‍್ಯಾಂಪ್ 10 ಅಡಿ.

ಇಷ್ಟು ಕೆಳಗೆ ತರಬೇಕಾದರೆ ತಳ ಗಾಲಿಗಳ ಮೇಲಲ್ಲ, ಗಾಲಿಗಳ ನಡುವೆ ಕೂಡಬೇಕು. 7.50-16 ಟೈರ್, ಎರಡು ಆಕ್ಸಲ್, ತಳದ ಅಗಲ 6 ಅಡಿ, ಉದ್ದ 17 ಅಡಿ. ಅಂಬಾಸಿಡರ್ 14 ಅಡಿ ಚಿಲ್ಲರೆ ಇರೋದರಿಂದ ಕಾರನ್ನ ಹಿಂದೆ ಮುಂದೆ ಸರಿಸಿ ತೂಕ ಹೊಂದಿಸಲು ಸುಮಾರು ಮೂರು ಅಡಿ ಸಿಗುತ್ತದೆ. ರೋಟಾವೇಟರ್ ಬಿಚ್ಚಿಟ್ಟರೆ 8 ಅಡಿಯ ಮಿನಿ ಎರಡು ಒಂದರ ಹಿಂದೊಂದು ನಿಲ್ಲುತ್ತವೆ. ಬಲಗಡೆಯ ಮಡ್‌ಗಾರ್ಡ್ ಮಾತ್ರ ಬೋಲ್ಟ್ ಬಿಚ್ಚಿ ತೆಗೆಯುವಂತಿರಲಿ, ಇಲ್ಲದಿದ್ದರೆ ಕಾರು ಏರಿಸಿದ ಡ್ರೈವರ್ ಬಾಗಿಲು ತೆಗೆಯಲಾಗದೆ ಒಳಗೇ ಕೂಡಬೇಕಾಗುತ್ತದೆ.

ತಳಕ್ಕೆ ಪೂರ್ತಿ 5 ಮಿ.ಮೀ. ಚೆಕರ್ಡ್ ಪ್ಲೇಟ್ (ಜಾರದಂತೆ ಉಬ್ಬುಗೆರೆ ಇರುವ ಕಬ್ಬಿಣದ ಹಾಳೆ) ಹಾಕಿಸೋದು ಬೇಡ. ಎರಡು ಕಡೆ 27 ಇಂಚಿನ ಪಟ್ಟಿ, ನಡುವೆ 18 ಇಂಚು ಖಾಲಿ ಬಿಡಿಸಿ. ಮಿನಿಯ ಕಿರಿದಾದ ಗಾಲಿಗಳೂ ಕಾರಿನ ಅಗಲ ಗಾಲಿಗಳೂ ಆ ಪಟ್ಟಿಯ ಮೇಲೇ ಬರುತ್ತವೆ. ಇದರಿಂದ 90 ಕೆ.ಜಿ.ಗೂ ಹೆಚ್ಚು ಕಬ್ಬಿಣ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ: ಕಾರಿನ ಕೆಳಗೆ ಕೈ ಹಾಕಿ ಆಕ್ಸಲಿಗೆ ಬೆಲ್ಟ್ ಕಟ್ಟಲು ಬರುತ್ತದೆ.

ಏರಿಸುವಾಗ ಕೆಡುವ ಸಂಗತಿ ಎರಡು. ಒಂದು, ಹೊರೆ ಟ್ರೇಲರಿನ ಹಿಂದಿನ ಅಂಚಿಗೆ ಬಂದಾಗ ಹಿಂಭಾಗ ಕುಸಿದು, ಟ್ರ್ಯಾಕ್ಟರಿಗೆ ಸಿಗಿಸುವ ಮುಂದಿನ ದಂಡಿ ಮೇಲೇಳುತ್ತದೆ, ಎಳೆಯುವ ಟ್ರ್ಯಾಕ್ಟರಿನ ಹಿಂಗಾಲಿಯ ಹಿಡಿತ ತಪ್ಪಿ ಇಡೀ ಜೋಡಿ ಜಾರುತ್ತದೆ. ಹಿಂದಿನ ಎರಡೂ ಮೂಲೆಗೆ ಇಳಿಸಿ ನಿಲ್ಲಿಸುವ ಆಸರೆ ಕಾಲು ಬೇಕೇ ಬೇಕು. ಎರಡು, ಗಾಲಿ ಮೇಲಕ್ಕೆ ಏರುವಾಗ ರ‍್ಯಾಂಪನ್ನ ಹಿಂದಕ್ಕೆ ಒದೆಯುತ್ತದೆ. ಅಂಬಾಸಿಡರಿನ ಎಂಜಿನ್ ಬಲ ಹಿಂದಿನ ಗಾಲಿಗೆ, ಹಾಗಾಗಿ ಮುಂಭಾಗ ಸುಸೂತ್ರ ಏರಿದ ಮೇಲೆಯೇ ಒದೆತ ಬರುತ್ತದೆ. ರ‍್ಯಾಂಪನ್ನ ಬರೀ ಕೊಕ್ಕೆಗೆ ಸಿಗಿಸಿದರೆ ಸಾಲದು, ಪಿನ್ನು ಹಾಕಿ ಬಂಧಿಸಬೇಕು. ರೋಟಾವೇಟರ್ ಹೊತ್ತ ಮಿನಿ ಮುಂದುಮುಂದಾಗಿ ಏರಿದರೆ ಮುಂಗಾಲಿ ಮೇಲೆದ್ದು ಹಿಂದಕ್ಕೆ ಮಗುಚುವ ಭಯವಿದೆ. ಬಿಚ್ಚಿಟ್ಟು ಏರಿಸಿ. ಬಿಚ್ಚಲಾಗದಿದ್ದರೆ ರೋಟಾವೇಟರ್ ಎತ್ತಿ, ಅದನ್ನ ತಿರುಗಿಸುವ ಪಿಟಿಒ ಶಾಫ್ಟ್ ಬಂದ್ ಮಾಡಿ, ರಿವರ್ಸ್ ಲೋ ಗೇರಿನಲ್ಲಿ ಹಿಂದುಹಿಂದಾಗಿ ಏರಿಸಿ. ಎಂಜಿನ್ ನಿಂತ ಕಾರಿಗೆ ಒಂದು ಟನ್ನಿನ ಕೈ ವಿಂಚ್ (ಹಿಡಿಕೆ ತಿರುಗಿಸಿ ಹಗ್ಗ ಸುತ್ತಿ ಎಳೆಯುವ ಸಾಧನ) ಸಾಕು. ಆದರೆ ಟೈರಿಗೆ ಗಾಳಿ ತುಂಬಿರಬೇಕು, ಕಾರಿನ ಹಿಂದೆ ಯಾರೂ ನಿಲ್ಲಬಾರದು.

ತೂಕ ಮುಂದಕ್ಕಿರಲಿ. ಟ್ರೇಲರೂ ಹೊರೆಯೂ ಸೇರಿ ಎರಡು ಟನ್ ಆದರೆ ಹುಕ್ಕಿನ ಮೇಲೆ 200ರಿಂದ 300 ಕೆ.ಜಿ. ಬೀಳಬೇಕು. ಕಾರಿನ ಮುಖ ಮುಂದಕ್ಕೆ, ಎಂಜಿನ್ ಆಕ್ಸಲುಗಳಿಗಿಂತ ಮುಂದೆ. ಹಿಂಭಾರವಾದರೆ ಇಳಿಜಾರಿನಲ್ಲಿ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ, ಬೆಳಗಾವಿ ಹತ್ತಿರದ ಸುತಗಟ್ಟಿ ಘಾಟಿನಂಥಲ್ಲಿ ಅದನ್ನ ತಡೆಯೋದು ಕಷ್ಟ. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಘಾಟಿನ ರಸ್ತೆಗೆ ಒಯ್ಯಲೇಬೇಡಿ. ಟ್ರ್ಯಾಕ್ಟರ್ ನಿಂತರೂ ಹಿಂದಿನ ಹೊರೆ ತಳ್ಳುತ್ತಲೇ ಇರುತ್ತದೆ, ಕೊನೆಗೆ ಎರಡೂ ಚಾಕುವಿನಂತೆ ಮಡಚಿಕೊಳ್ಳುತ್ತವೆ.

ಕಟ್ಟುವಾಗ ಬಂಪರಿಗೆ ಕೈ ಹಚ್ಚಬೇಡಿ. ಕಾರಿನ ನಾಲ್ಕೂ ಟೈರಿನ ಮೇಲಿಂದ ಹಿಡಿಕೆಯಿಂದ ಬಿಗಿಯುವ 50 ಮಿ.ಮೀ. ರ‍್ಯಾಚೆಟ್ ಬೆಲ್ಟ್ ಹಾಕಿದರೆ ಗಾಲಿ ಅಲುಗೋದಿಲ್ಲ, ಮೈ ತನ್ನ ಸ್ಪ್ರಿಂಗಿನ ಮೇಲೆ ಆಡಿಕೊಂಡಿರುತ್ತದೆ. ಹಿಂದಿನ ಆಕ್ಸಲಿಗೆ ಸುತ್ತುವುದಾದರೆ ಅದರ ಮೇಲೆ ಹಾದುಹೋಗುವ ಬ್ರೇಕ್ ಪೈಪನ್ನ ಬೆರಳಿಂದ ಮುಟ್ಟಿ ನೋಡಿ, ಬೆಲ್ಟ್ ಅದರ ಮೇಲೆ ಕೂಡಬಾರದು. ಬೆಲ್ಟಿನ ಮೇಲೆ ಬರೆದ 5 ಟನ್ ಅಂದರೆ ಸಾಮಾನ್ಯವಾಗಿ ಅದು ಹರಿಯುವ ಬಲ. ಕೆಲಸಕ್ಕೆ ಅದರ ಅರ್ಧ ಕೂಡ ಲೆಕ್ಕಕ್ಕೆ ಹಿಡಿಯಬೇಡಿ. ಮಿನಿ ಟ್ರ್ಯಾಕ್ಟರಿಗೆ 8 ಮಿ.ಮೀ. ಗ್ರೇಡ್ 80 (ಹೊರೆ ಕಟ್ಟುವ ಗಟ್ಟಿ ಉಕ್ಕಿನ) ಸರಪಳಿ ಒಳ್ಳೆಯದು, ಮುಂದೆ ಎರಡು, ಹಿಂದೆ ಎರಡು, ಅಡ್ಡಡ್ಡ. ಸೆಣಬಿನ ಹಗ್ಗ ಹಿಗ್ಗುತ್ತದೆ, ಬೇಡ.

ಹಳೇ ಟ್ರೇಲರ್ ಕೊಂಡು ಮಾರ್ಪಾಡು ಮಾಡಿಸುವವರು ಮೊದಲು ದಂಡಿ ಚಾಸಿಗೆ ಸೇರುವ ಬೆಸುಗೆ ನೋಡಿ. ಬಣ್ಣದ ಮೇಲೆ ಕೂದಲೆಳೆಯಷ್ಟು ಕಂದು ಗೆರೆ ಇದ್ದರೆ ಅದು ಮೇಲಿನ ತುಕ್ಕಲ್ಲ, ಬಿರುಕಿನೊಳಗೆ ನೀರು ಹೋಗಿ ಹೊರಗೆ ಬಂದ ಗುರುತು. ಹುಕ್ಕಿನ ಕಣ್ಣು ದುಂಡಗಿರದೆ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಬದಲಿಸಲೇಬೇಕು. ಪಿನ್ನಿನ ಜಾಗದಲ್ಲಿ ಮನೆ ಕಟ್ಟುವ ಸರಳಿನ ತುಂಡು ಸಿಗಿಸೋದನ್ನ ದಯವಿಟ್ಟು ಬಿಡಿ. ಜೊತೆಗೆ ಒಂದು ಸುರಕ್ಷತಾ ಸರಪಳಿ ಇರಲಿ.

ಕಾಗದಪತ್ರದ ಮಾತೂ ಇದೆ. ಟ್ರೇಲರಿಗೂ ಬೇರೆ ನೋಂದಣಿ, ಬೇರೆ ವಿಮೆ ಬೇಕು. ಕೃಷಿ ಬಳಕೆಗೆಂದು ನೋಂದಾಯಿಸಿದ ಟ್ರೇಲರಿನಲ್ಲಿ ಕಾರು ಒಯ್ಯುವಾಗ ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು, ಮೊದಲೇ ಪಾಲಿಸಿ ಓದಿ, ಕೇಳಿಕೊಳ್ಳಿ. ಬೆಳಗಾವಿಯಿಂದ ವಿಜಯಪುರದಂಥ 200 ಕಿ.ಮೀ. ದೂರಕ್ಕೆ ಟ್ರ್ಯಾಕ್ಟರ್ ಹಚ್ಚೋದು ನನಗೆ ಸರಿ ಕಾಣೋದಿಲ್ಲ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಎಂಟು ತಾಸಿನ ಹಾದಿ. 50 ಕಿ.ಮೀ. ದಾಟಿದರೆ ಬಾಡಿಗೆ ಲಾರಿಯೇ ಸರಿ.

ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಕಬ್ಬಿನ ಹಂಗಾಮಿನಲ್ಲಿ ಬೆಳಕಿಲ್ಲದೆ ರಸ್ತೆ ಬದಿ ನಿಂತ ಟ್ರೇಲರಿಗೆ ಗುದ್ದಿ ಎಷ್ಟು ಮನೆಗಳು ಹಾಳಾಗಿವೆ ಅನ್ನೋದು ನಮಗೆಲ್ಲ ಗೊತ್ತು. ಹೊರಟು 10 ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ, ಬೆಲ್ಟು ಮತ್ತೆ ಬಿಗಿ ಮಾಡಿ, ನಾಲ್ಕೂ ಗಾಲಿಯ ನಡುವಿನ ಗುಂಬದ (ಹಬ್) ಹತ್ತಿರ ಕೈ ಒಯ್ದು ನೋಡಿ. ಮೂರು ಬೆಚ್ಚಗಿದ್ದು ಒಂದು ಮಾತ್ರ ಮುಟ್ಟಲಾಗದಷ್ಟು ಸುಡುತ್ತಿದ್ದರೆ ಅದರ ಬೇರಿಂಗಿನಲ್ಲಿ ಗ್ರೀಸ್ ಮುಗಿದಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಅಲ್ಲಿಂದ ಮುಂದಕ್ಕೆ ಹೋಗಬೇಡಿ.