ನೋಡಿಕೊಳ್ಳದ ತಾಕನ್ನು ಹಂಗಾಮಿನ ನಡುವೆ ವಾಪಸು ಪಡೆಯಬೇಕೆ?

ಕೋಲಾರದ ಹೊರವಲಯದ ಬಡಾವಣೆಯೊಂದರ ನಿವಾಸಿಗಳು ಗುತ್ತಿಗೆಗೆ ಹಿಡಿದ ಜಮೀನನ್ನು 10 ಅಡಿ ಅಗಲ, 20 ಅಡಿ ಉದ್ದದ ತಾಕುಗಳಾಗಿ ಹಂಚಿಕೊಂಡು ತರಕಾರಿ ಬೆಳೆಯುತ್ತಿದ್ದಾರೆ. ಸತತ ಮೂರು ವಾರ ಕಳೆ ತೆಗೆಯದ ತಾಕನ್ನು ವಾಪಸು ಪಡೆದು ಸರದಿಯಲ್ಲಿ ಕಾಯುತ್ತಿರುವವರಿಗೆ ಕೊಡುವ ನಿಯಮ ಅಲ್ಲಿ ಕಳೆದ ವರ್ಷದಿಂದ ಜಾರಿಯಲ್ಲಿದೆ. ಅದನ್ನು ಮುಂದುವರಿಸಬೇಕೆ ಎಂಬ ಬಗ್ಗೆ ಇಬ್ಬರು ಸದಸ್ಯರ ಬರಹಗಳು ಇಲ್ಲಿವೆ.

ಪರ

ನನ್ನ ಪಕ್ಕದ ತಾಕು ಕಳೆದ ಮುಂಗಾರಿನಲ್ಲಿ ಯಾರೂ ಕಾಲಿಡದೆ ಹಾಗೇ ಬಿದ್ದಿತ್ತು. ಆರಿದ್ರಾ ಮಳೆಗೆ ಮೊಳೆತ ಪಾರ್ಥೇನಿಯಂ ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಮೊಣಕಾಲೆತ್ತರ ಬೆಳೆದು ಬಿಳಿ ಹೂ ಬಿಟ್ಟಿತು. ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಆ ಬೀಜ ಮಣ್ಣಿನಲ್ಲಿ ವರ್ಷಗಳ ಕಾಲ ಜೀವ ಹಿಡಿದುಕೊಂಡಿರುತ್ತದೆ. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಗೆರೆಗೆರೆಯ ಆ ದುಂಬಿ ಮಳೆಗಾಲದಲ್ಲಿ ಎಲೆಗಳನ್ನು ಜಾಲರಿ ಮಾಡುವುದನ್ನು ನಾನೂ ಕಂಡಿದ್ದೇನೆ, ಆದರೆ ದುಂಬಿಯನ್ನು ನಂಬಿಕೊಂಡು ತೋಟ ಮಾಡಲಾಗದು. ಈ ವರ್ಷ ನನ್ನ ಕೊತ್ತಂಬರಿ ಮಡಿಯಲ್ಲಿ ಕೊತ್ತಂಬರಿಗಿಂತ ಮೊದಲು ಹುಟ್ಟಿದ್ದು ಪಕ್ಕದ ತಾಕಿನ ಬೀಜವೇ.

ಕಳೆಯನ್ನಾದರೂ ಕಿತ್ತು ಹಾಕಬಹುದು, ರೋಗದ ಮಾತು ಬೇರೆ. ಟೊಮೆಟೊ ಬೆಳೆಯುವ ಈ ಜಿಲ್ಲೆಯಲ್ಲಿ ಎಲೆ ಮುದುರು ರೋಗವನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿ ನೊಣ, ಒಮ್ಮೆ ಹತ್ತಿದ ಗಿಡಕ್ಕೆ ಮದ್ದಿಲ್ಲ, ಬೇಗ ಕಂಡು ಕಿತ್ತೆಸೆಯುವುದೊಂದೇ ದಾರಿ. ಪಕ್ಕದ ತಾಕಿನಲ್ಲಿ ಹಿಂದಿನ ಬೆಳೆಯ ನಾಲ್ಕೈದು ಟೊಮೆಟೊ ಗಿಡಗಳು ಎಲೆ ಮುದುರಿಕೊಂಡು, ಹಳದಿಗಟ್ಟಿ, ಕಾಯಿಯೂ ಬಿಡದೆ, ಸಾಯದೆಯೂ ತಿಂಗಳುಗಟ್ಟಲೆ ನಿಂತಿದ್ದವು. ನಮ್ಮ ಸಾಲಿನಲ್ಲಿ ಈ ರೋಗವನ್ನು ತಡೆದುಕೊಳ್ಳುವ ಅರ್ಕಾ ರಕ್ಷಕ್ ತಳಿ ಹಾಕಿದವರು ಬಚಾವಾದರು. ಸಾರಿಗೆ ಹುಳಿಯಿರಲೆಂದು ನಾಟಿ ಟೊಮೆಟೊ ಹಾಕಿದ್ದ ನಾನು ಹದಿನೆಂಟು ಗಿಡಗಳಲ್ಲಿ ಹದಿನಾಲ್ಕನ್ನು ಕೀಳಬೇಕಾಯಿತು. ಅದರ ನಷ್ಟವನ್ನು ಯಾರಿಂದ ಕೇಳಲಿ?

ನೀರಿನ ವಿಷಯವನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆಯಾದರೂ ನಮ್ಮ ತೋಟ ನಿಂತಿರುವುದು ಒಂದು ಕೊಳವೆಬಾವಿಯ ಮೇಲೆ. ಸರದಿಯಂತೆ ವಾಲ್ವ್ ತಿರುಗಿಸಿದಾಗ, ಅಳಿಲು ಕಡಿದ ಡ್ರಿಪ್ ಪೈಪನ್ನು ಯಾರೂ ನೋಡದ ತಾಕಿನಲ್ಲಿ ನೀರು ಪಾರ್ಥೇನಿಯಂ ಬುಡಕ್ಕೆ ಚಿಮ್ಮುತ್ತಿರುತ್ತದೆ.

ಇಂಥ ಹಂಚಿಕೆ ತೋಟಗಳಿಗೆ ಇಂಗ್ಲೆಂಡಿನಲ್ಲಿ ಹಳೆಯ ಇತಿಹಾಸವಿದೆ. ಅಲ್ಲಿನ 1908ರ ಕಾಯ್ದೆ ಇಂದಿಗೂ ಅದಕ್ಕೆ ಆಧಾರ. ಅಲ್ಲಿನ ರೂಢಿಯ ತಾಕು ಸುಮಾರು 250 ಚದರ ಮೀಟರ್‌ನದು. ಅಷ್ಟು ದೊಡ್ಡ ತಾಕಿನಲ್ಲೂ ಸಾಗುವಳಿ ನಿಲ್ಲಿಸಿದವರಿಗೆ ಎಚ್ಚರಿಕೆ ಪತ್ರ ಹೋಗುತ್ತದೆ, ಆಮೇಲೂ ಸರಿಪಡಿಸದಿದ್ದರೆ ತಾಕು ಕೈಬಿಡುತ್ತದೆ. ನಮ್ಮ 200 ಚದರ ಅಡಿ ಅದರ 13ರಲ್ಲಿ ಒಂದು ಪಾಲೂ ಆಗದು. ಇಷ್ಟು ಒತ್ತೊತ್ತಾಗಿ ಬೆಳೆಯುವಾಗ ಒಬ್ಬರ ಉದಾಸೀನ ಮರುವಾರವೇ ಇನ್ನೊಬ್ಬರ ಮಡಿಯಲ್ಲಿ ಕಾಣುತ್ತದೆ. ಕಾಯಿಲೆಯೋ ಊರಿಗೆ ಹೋಗುವುದೋ ಇದ್ದವರು ಗುಂಪಿಗೆ ಒಂದು ಸಂದೇಶ ಹಾಕಿದರೆ ಅಕ್ಕಪಕ್ಕದವರು ನೋಡಿಕೊಳ್ಳುತ್ತಾರೆ, ಹಾಗೆ ನೋಡಿಕೊಂಡದ್ದೂ ಇದೆ. ವಾರಕ್ಕೆರಡು ಸಲ ಅರ್ಧರ್ಧ ಗಂಟೆ ಕುರ್ಪಿ ಹಿಡಿಯಲು ಬಿಡುವಿಲ್ಲದ, ಬಿಡುವಿಲ್ಲವೆಂದು ಹೇಳಲೂ ಮನಸ್ಸಿಲ್ಲದವರ ತಾಕನ್ನು, ಸರದಿಯಲ್ಲಿ ಎರಡು ವರ್ಷದಿಂದ ನಿಂತವರಿಗೆ ಕೊಡುವುದರಲ್ಲಿ ತಪ್ಪೇನಿದೆ?

ವಿರೋಧ

ಮೇಲಿನ ಬರಹದ ಪಾರ್ಥೇನಿಯಂ ಸಂಗತಿಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆ ಟೊಮೆಟೊ ಗಿಡಗಳನ್ನು ಕೀಳುವಾಗ ನಾನೂ ಕೈಜೋಡಿಸಿದ್ದೆ. ನನ್ನ ತಕರಾರು ಇರುವುದು ಕಳೆ ಎಂದರೆ ಯಾವುದು ಎಂಬುದರ ಬಗ್ಗೆ, ಮತ್ತು ಮೂರು ವಾರವೆಂಬ ಲೆಕ್ಕದ ಬಗ್ಗೆ.

ನಮ್ಮ ಸಾಲಿನಲ್ಲಿ ಅಜ್ಜಿಯೊಬ್ಬರಿದ್ದಾರೆ. ಹದವಾದ ಮಳೆ ಬಿದ್ದು ಹದಿನೈದು ದಿನಕ್ಕೆ ಅವರು ತಮ್ಮ ತಾಕಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಣ್ಣೆಸೊಪ್ಪು, ಗೋಣಿಸೊಪ್ಪು, ಗಣಿಕೆ ಸೊಪ್ಪು, ಎಳೆಯ ಕೀರೆ ಎಲ್ಲವನ್ನೂ ಕುಡಿ ಚಿವುಟಿ ಮಡಿಲಿಗೆ ತುಂಬಿಕೊಳ್ಳುತ್ತಾರೆ. ಅದರಲ್ಲಿ ಬಿತ್ತಿದ್ದು ಒಂದೂ ಇಲ್ಲ. ತೊಗರಿಬೇಳೆಯ ಜೊತೆ ಬೇಯಿಸಿ ಮಸೆದರೆ ಅದೇ ಬೆರಕೆ ಸೊಪ್ಪಿನ ಸಾರು. ಮುದ್ದೆಗೆ ಅದರ ಮುಂದೆ ಇನ್ನೊಂದು ಬೇಡ. ಸಮಿತಿಯ ರಿಜಿಸ್ಟರಿನಲ್ಲಿ ಆ ತಾಕಿನ ಎದುರಿಗೆ ಕೆಂಪು ಶಾಯಿಯಲ್ಲಿ "ಕಳೆ ತೆಗೆದಿಲ್ಲ" ಎಂದು ಎರಡು ವಾರ ಬರೆದಿತ್ತು. ಮೂರನೆಯ ವಾರ ಬರೆಯುವ ಮುನ್ನ ಯಾರೋ ಪುಣ್ಯಾತ್ಮರು ಅವರನ್ನು ಕೇಳಿದರು. ಗುಂಪಿಗೆ ಸಂದೇಶ ಹಾಕಬಹುದಿತ್ತಲ್ಲ ಎನ್ನುವವರಿಗೆ ಹೇಳುವುದಾದರೆ, ಅಜ್ಜಿಯ ಬಳಿ ಇರುವುದು ಬಟನ್ ಫೋನು.

ಇನ್ನು ಅವರೆಯ ಮಾತು. ನಾಟಿ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ಆಷಾಢದಲ್ಲಿ ಬಿತ್ತಿದರೂ ಶ್ರಾವಣದಲ್ಲಿ ಬಿತ್ತಿದರೂ ಹೂ ಕಾಣುವುದು ದೀಪಾವಳಿಯ ಆಚೀಚೆ, ಕಾಯಿ ಕೈಗೆ ಬರುವುದು ಧನುರ್ಮಾಸದ ಚಳಿಗೆ. ಹೆಬ್ಬಾಳ ಅವರೆಯಂಥ ಸುಧಾರಿತ ತಳಿಗಳಿಗೆ ಈ ಹಂಗಿಲ್ಲ, ಆದರೆ ಸೊಗಡಿನ ಆಸೆಯಿರುವವರು ನಾಟಿಯನ್ನೇ ಬಿತ್ತುತ್ತಾರೆ. ಮೊದಲ ಒಂದೂವರೆ ತಿಂಗಳು ಕಳೆ ತೆಗೆದು ಬಳ್ಳಿ ನೆಲ ಮುಚ್ಚಿದ ಮೇಲೆ ಆ ತಾಕಿಗೆ ವಾರವಾರ ಬರುವ ಕೆಲಸವೂ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಮಾತ್ರ ಅದು ಕಾಡು ಬಿದ್ದ ತಾಕಿನ ಹಾಗೇ ಕಾಣುತ್ತದೆ. ನಾಲ್ಕೈದು ತಿಂಗಳ ಬೆಳೆಯನ್ನು ಮೂರು ವಾರದ ಗಜಕಡ್ಡಿಯಲ್ಲಿ ಅಳೆಯುವುದು ಹೇಗೆ?

ಇಂಗ್ಲೆಂಡಿನ ಉದಾಹರಣೆ ಬಂದಿರುವುದರಿಂದ ಅಲ್ಲಿನ ಇನ್ನೊಂದು ಕಾಯ್ದೆಯನ್ನೂ ಹೇಳಬೇಕು. 1922ರ ಆ ಕಾಯ್ದೆಯ ಪ್ರಕಾರ ತಾಕು ಬಿಡಿಸುವ ನೋಟಿಸಿನ ಗಡುವು ಏಪ್ರಿಲ್ 6ರ ಒಳಗೆ ಅಥವಾ ಸೆಪ್ಟೆಂಬರ್ 29ರಿಂದ ಈಚೆಗೆ ಮುಗಿಯಬೇಕು, ಅಂದರೆ ಪೈರು ನಿಂತಿರುವ ತಿಂಗಳುಗಳಲ್ಲಿ ಅಲ್ಲ. ಬಾಡಿಗೆ ಕಟ್ಟದವರಿಗೆ, ಕರಾರು ಮುರಿದವರಿಗೆ ಈ ರಕ್ಷಣೆಯಿಲ್ಲ ಎಂಬುದೂ ನಿಜವೇ. ಆದರೂ ಬೆಳೆ ಹೊಲದಲ್ಲಿರುವಾಗ ಒಕ್ಕಲನ್ನು ಎಬ್ಬಿಸಬಾರದೆಂಬ ವಿವೇಕ ಆ ದಿನಾಂಕಗಳ ಹಿಂದೆ ಇದೆ.

ತಾಕಿಗೆ ಬರದವರೆಲ್ಲ ಸೋಮಾರಿಗಳಲ್ಲ. ನರಸಾಪುರದ ಕಾರ್ಖಾನೆಗಳಲ್ಲಿ ಪಾಳಿ ಬದಲಾದವರು, ಬೆಳಗಿನ ರೈಲಿಗೆ ಬಂಗಾರಪೇಟೆಗೆ ಓಡುವವರು, ಮಗಳ ಬಾಣಂತನಕ್ಕೆ ಹೋದವರು ನಮ್ಮಲ್ಲಿದ್ದಾರೆ. ನಿಜವಾದ ಹಾನಿಯಾಗುವುದು ಮೂರು ಕಡೆಯಿಂದ: ಹೂವಿಗೆ ಬಂದ ಪಾರ್ಥೇನಿಯಂ, ಎಲೆ ಮುದುರಿದ ಗಿಡ, ಒಡೆದ ಪೈಪು. ಈ ಮೂರು ಕಂಡರೆ ಯಾರ ತಾಕಿಗಾದರೂ ಯಾರಾದರೂ ಕೇಳದೆ ಇಳಿದು ಸರಿಪಡಿಸಬಹುದು, ಕೂಲಿ ಬಿದ್ದರೆ ತಾಕಿನವರೇ ಕೊಡಬೇಕು ಎಂದು ನಿಯಮ ಮಾಡಿ. ನೆಲ ಬರಿದಾಗಿದ್ದರೆ ಹಿಂಗಾರಿಗೆ ಎರಡು ಹಿಡಿ ಹುರುಳಿ ಚೆಲ್ಲಿ. ನಾಲ್ಕು ಹನಿ ಬಿದ್ದರೂ ಅದು ಹಬ್ಬಿ ನೆಲ ಮುಚ್ಚುತ್ತದೆ. ಯಾರಿಗೆ ಯಾವ ತಾಕು ಎಂಬುದು ಯುಗಾದಿಯ ಹೊತ್ತಿಗೆ ತೀರ್ಮಾನವಾಗಲಿ.

ಕಳೆದ ಚಿತ್ತಾ ಮಳೆಯಲ್ಲಿ ಹೀಗೆ ವಾಪಸು ಪಡೆದದ್ದು ಬಾಣಂತನಕ್ಕೆ ಹೋಗಿದ್ದ ಒಬ್ಬ ತಾಯಿಯ ತಾಕನ್ನು. ಹೊಸದಾಗಿ ಬಂದ ಹುಡುಗ ಹುರುಪಿನವನೇ. ಒಂದೇ ಬೆಳಗಿನಲ್ಲಿ ತಾಕನ್ನು ಕನ್ನಡಿಯ ಹಾಗೆ ಮಾಡಿದ. ಬದುವಿನ ಮೇಲೆ ಅವನು ರಾಶಿ ಹಾಕಿದ್ದ ಬಳ್ಳಿಯನ್ನು ಎತ್ತಿ ನೋಡಿದೆ: ಎಲೆಗಳ ಸಂದಿಯಲ್ಲಿ ಅವರೆಯ ಮೊಗ್ಗಿನ ತೆನೆ ಆಗಷ್ಟೇ ತಲೆ ಎತ್ತಿತ್ತು. ಅವನು ನೆಟ್ಟ ಎಲೆಕೋಸಿನ ಸಸಿಗಳಿಗೆ ನೀರು ಸಿಕ್ಕಿದ್ದು ಎರಡು ವಾರ. ಸಂಕ್ರಾಂತಿಯ ದಿನ ಎಳ್ಳು-ಬೆಲ್ಲ ಹಿಡಿದು ತೋಟಕ್ಕೆ ಹೋದಾಗ ಆ ತಾಕಿನಲ್ಲಿ ಎಲೆಕೋಸು ಇರಲಿಲ್ಲ, ಅವರೆಯೂ ಇರಲಿಲ್ಲ. ರಿಜಿಸ್ಟರಿನಲ್ಲಿ ಅದರ ಎದುರಿಗೆ ಯಾರೂ ಏನನ್ನೂ ಬರೆದಿರಲಿಲ್ಲ.