ಆರು ತಿಂಗಳಲ್ಲಿ ಮನೆಯಲ್ಲೇ ಕುಳಿತು ನರ್ಸ್ ಆಗಬಹುದೇ?

ನಲವತ್ತು ದಾಟಿದವರೂ ಮನೆಯಲ್ಲೇ ಓದಿ ಆರು ತಿಂಗಳಲ್ಲಿ ನರ್ಸ್ ಆಗಬಹುದೆಂಬ ಸಂದೇಶ ಕಾರವಾರ, ಅಂಕೋಲಾ, ಶಿರಸಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡ ಅಕ್ಕನಿಗೊಂದು ದಾರಿಯಾಗಲಿ ಎಂಬ ಕಾಳಜಿಯಿಂದಲೇ ಹಲವರು ಅದನ್ನು ಕಳುಹಿಸುತ್ತಾರೆ. ಆದರೆ ಆ ಸಂದೇಶದ ಮಾತು ನಿಜವಲ್ಲ.

ನರ್ಸಿಂಗ್ ಕೋರ್ಸುಗಳಲ್ಲಿ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿಯ ತರಬೇತಿ) 2 ವರ್ಷ, ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) 3 ವರ್ಷ, ಬಿ.ಎಸ್ಸಿ. ನರ್ಸಿಂಗ್ ಪದವಿ 4 ವರ್ಷಗಳ ವ್ಯಾಸಂಗ. ರೋಗಿಯ ಮಣಿಕಟ್ಟು ಹಿಡಿದು ನಾಡಿ ಎಣಿಸುವುದನ್ನು, ಡ್ರಿಪ್ಪಿನ ಹನಿಗಳ ವೇಗ ಹೊಂದಿಸುವುದನ್ನು ವಾರ್ಡಿನಲ್ಲಿ, ಅನುಭವಿಗಳ ಕಣ್ಣೆದುರಿಗೇ ಕಲಿಯಬೇಕಾದ್ದರಿಂದ ಮನೆಯಲ್ಲೇ ಕುಳಿತು ಈ ಕೋರ್ಸುಗಳನ್ನು ಮುಗಿಸಲಾಗದು. ಕೆಲವೇ ತಿಂಗಳ ತರಬೇತಿಗಳೂ ಇವೆ. ಅವು ಆರೈಕೆ ಸಹಾಯಕರ ಕೆಲಸಕ್ಕೆ ಸಿದ್ಧಗೊಳಿಸುತ್ತವೆ. ಅದೂ ಗೌರವದ ದುಡಿಮೆಯೇ, ಆದರೆ ನೋಂದಾಯಿತ ನರ್ಸ್‌ನ ಹುದ್ದೆಯಲ್ಲ.

ಇಂಥ ಸಂದೇಶ ಬಂದಾಗ, ಶುಲ್ಕ ಕಟ್ಟುವ ಮೊದಲೇ, ಆ ಸಂಸ್ಥೆಯ ಹೆಸರು ರಾಜ್ಯದ ನರ್ಸಿಂಗ್ ಪರಿಷತ್ತಿನ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಯಾವ ಆಸ್ಪತ್ರೆಯಲ್ಲಿ ತರಬೇತಿ, ಕೋರ್ಸು ಮುಗಿದ ಮೇಲೆ ಪರಿಷತ್ತಿನ ನೋಂದಣಿ ಸಂಖ್ಯೆ ದೊರೆಯುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ವಯೋಮಿತಿಯನ್ನಂತೂ ಆಯಾ ವರ್ಷದ ಪ್ರವೇಶ ಪ್ರಕಟಣೆಯಲ್ಲೇ ಓದಿಕೊಳ್ಳುವುದು ಒಳಿತು.